ಶುದ್ಧ ಕರೆಂಟು

"ಫ್ರಿಜ್ಜೂ ಆಫ್ ಮಾಡ್ಲಾ?" ಎಂದು ಕಿನುಯೊ ಅಡುಗೆಮನೆಯಿಂದ ಕೇಳಿದಾಗ ಮೊರಿಕುಬೊಗೆ ರೇಗಿತು. ಇಷ್ಟು ವರ್ಷ ಸಂಸಾರ ಮಾಡಿಯೂ ಇದನ್ನು ಕೇಳಬೇಕೆ?

"ಎಲ್ಲಾ ಆಫ್ ಮಾಡು. ಅಕುತ್ಸು ಸಾನ್ ಸೌಂಡ್ ಸರಿಮಾಡೋಕೆ ಬಂದಿದಾರೆ."

"ಹೀಟರ್ರು?"

"ಕರೆಂಟನ್ನ ಎಲ್ಲಕ್ಕಿಂತ ಹೆಚ್ಚು ಗಲೀಜು ಮಾಡೋದೇ ಅದು."

ಹೊರಗೆ ಹಿಮ ಬೀಳುತ್ತಿತ್ತು. ಅವಳು ಕೋಟು ಹಾಕಿಕೊಂಡು ಕುಳಿತಳು.

ನಿನ್ನೆ ಅವಳು ಎದೆಯ ಗಂಟಿನ ಪರೀಕ್ಷೆಯ ಫಲಿತಾಂಶ ಕೇಳಲು ಆಸ್ಪತ್ರೆಗೆ ಹೋಗಿದ್ದಳು. ಅದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಊಟದ ಮೇಜಿನ ಮುಂದೆ, "ರೀ, ನಿನ್ನೆ ಡಾಕ್ಟ್ರು..." ಎಂದು ಬಾಯಿ ತೆರೆದಿದ್ದಳು. "ಸಂಜೆ ಮಾತಾಡೋಣ" ಎಂದುಬಿಟ್ಟಿದ್ದ. ಅವಳು "ಸರಿ" ಎಂದಾಗ ಹಾಯೆನಿಸಿತ್ತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಆ ನಾಚಿಕೆ ಮಿಸೊ ಸಾರಿನ ಬಟ್ಟಲು ಖಾಲಿಯಾಗುವವರೆಗೆ ಬಾಳಿತು. ಅವನಿಗೆ ಭಯ, ಅಷ್ಟೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಸಂಗೀತಕ್ಕೆಂದೇ ಇಟ್ಟ ಕಂಪ್ಯೂಟರಿನಲ್ಲಿ ಏನೋ ಗುಂಯ್‌ಗುಡುತ್ತಿತ್ತು. ನೆರೆಮನೆಗಳ ಕೊಳೆ ತನ್ನ ಕರೆಂಟಿಗೆ ಬೆರೆಯಬಾರದೆಂದು ಅವನು ಕಿನುಯೊಳ ಪರ್ಸಿಮನ್ ಮರ ಕಡಿಸಿ, ಅಂಗಳದಲ್ಲಿ ಸ್ವಂತ ವಿದ್ಯುತ್ ಕಂಬವನ್ನೇ ನೆಡಿಸಿದ್ದ. ಶುದ್ಧ ದನಿಯ ಹುಚ್ಚು ಹಿಡಿದವರೆಲ್ಲ ಮಾಡುವುದೇ ಅದು. ಆದರೂ ಗುಂಯ್ ಹೋಗಿರಲಿಲ್ಲ.

"ಈ ಪುಟಾಣಿ ಅಡಾಪ್ಟರೇ ಕಳ್ಳ" ಎಂದ ಅಕುತ್ಸು. ಅದನ್ನು ಕಿತ್ತು, ಕರೆಂಟನ್ನು ಶುದ್ಧಮಾಡಲು ತಾನು ಹೊತ್ತು ತಂದಿದ್ದ ಪೆಟ್ಟಿಗೆ ಜೋಡಿಸಿದ. ಒಳಗಿದ್ದ ಟ್ರಾನ್ಸ್‌ಫಾರ್ಮರಿನಿಂದಾಗಿ ಅದು ರುಬ್ಬುವ ಕಲ್ಲಿನಷ್ಟು ಭಾರವಾಗಿತ್ತು. ಪ್ಲಗ್ಗನ್ನು ಒಮ್ಮೆ ಹೀಗೆ, ಒಮ್ಮೆ ತಿರುಗಿಸಿ ಹಾಕಿ ಕಿವಿಗೊಟ್ಟ.

"ವಾದ್ಯ ಕೇಳ್ಬೇಡಿ, ಮೊರಿಕುಬೊ ಸಾನ್. ಅದು ನಿಂತ ಮೇಲೆ ಏನುಳಿಯುತ್ತೆ, ಅದನ್ನ ಕೇಳಿ."

ಚೆಲ್ಲೊ ನುಡಿಯಿತು, ಇಳಿಯಿತು, ನಿಂತಿತು. ಗುಂಯ್ ಇರಲಿಲ್ಲ. ಫ್ರಿಜ್ಜಿನ ನಡುಕವಿಲ್ಲ, ಹೀಟರಿನ ಉಸಿರಿಲ್ಲ. ಮನೆ ಇಷ್ಟು ನಿಶ್ಶಬ್ದವಾದದ್ದನ್ನು ಅವನು ಕಂಡಿರಲಿಲ್ಲ.

ಆಗ ಕಾಗದದ ಜಾರುಬಾಗಿಲಿನ ಆಚೆಯಿಂದ ಕಿನುಯೊಳ ದನಿ ಕೇಳಿಸಿತು. ಮೊಬೈಲಿನಲ್ಲಿ, ಅಕ್ಕನೊಂದಿಗೆ, ಪಿಸುಮಾತಿನಲ್ಲಿ. ಒಂದಕ್ಷರವೂ ಮಸುಕಾಗಿರಲಿಲ್ಲ.

"ಎರಡೂ ಕಡೆಗೆ ಹರಡಿದೆಯಂತೆ, ಅಕ್ಕ... ಇಲ್ಲ, ಇವರಿಗಿನ್ನೂ ಹೇಳಿಲ್ಲ."

ಅಕುತ್ಸು ಕಣ್ಣು ಮುಚ್ಚಿಯೇ ಇದ್ದ. ಅವನಿಗೂ ಕೇಳಿಸಿತೇ, ತಿಳಿಯಲಿಲ್ಲ.

"ಏನಾದ್ರೂ ಕೇಳಿಸ್ತಿದೆಯಾ?" ಎಂದ ಅಕುತ್ಸು.

ಎದ್ದು ಬಾಗಿಲು ಸರಿಸಿದರೆ ನಾಲ್ಕು ಹೆಜ್ಜೆ. ಮೊರಿಕುಬೊ ಏಳಲಿಲ್ಲ.

"ಏನೂ ಇಲ್ಲ" ಎಂದ.

"ಅದೇ ಮತ್ತೆ" ಎಂದು ಅಕುತ್ಸು ಸಂತೋಷದಿಂದ ತಲೆದೂಗಿದ.

ಮೊರಿಕುಬೊ ಕೈ ಚಾಚಿ ದನಿಯ ಗುಂಡಿಯನ್ನು ತಿರುಗಿಸಿದ. ಚೆಲ್ಲೊ ಮುಗಿದುಹೋಗಿತ್ತು, ಜೋರು ಮಾಡಲು ಏನೂ ಉಳಿದಿರಲಿಲ್ಲ. ಇನ್ನಷ್ಟು ತಿರುಗಿಸಿದ. ಗುಂಡಿ ಕೊನೆಮುಟ್ಟಿ ನಿಂತಿತು. ಅವನ ಬೆರಳುಗಳು ಅದನ್ನು ತಿರುಗಿಸಲು ಒತ್ತುತ್ತಲೇ ಇದ್ದವು.

"ಇಲ್ಲಕ್ಕ," ಎನ್ನುತ್ತಿದ್ದಳು ಕಿನುಯೊ, "ಚಳಿ ಏನಿಲ್ಲ."