ಕಟ್ಟೆಯ ಮುಖ

ಬಿಟಿಎಂ ಲೇಔಟಿನ ಮೈದಾನದಲ್ಲಿ ಕನ್ನಡ ಬಾವುಟದ ಕಂಬಕ್ಕೆ ಎದೆಯೆತ್ತರದ ಕಟ್ಟೆ. ಆ ಕಟ್ಟೆಗೊಂದು ಕಟ್ಟಳೆ. ರಾಜ್ಯೋತ್ಸವದ ಕಬಡ್ಡಿಯಲ್ಲಿ ಗೆದ್ದ ತಂಡ ಮಾರನೆಯ ದಿನ ಅದರ ಮೇಲೆ ತನ್ನ ಗುರುತು ಬರೆಯಬೇಕು. ಹೊತ್ತು ಮುಳುಗಿತೋ, ಮುಂದಿನ ರಾಜ್ಯೋತ್ಸವದವರೆಗೆ ಯಾರೂ ಅದಕ್ಕೆ ಕುಂಚ ಮುಟ್ಟಿಸಕೂಡದು. ಸೋತವರು ಒಮ್ಮೆ ಡಾಂಬರು ಬಳಿದು ಹೋದಾಗ ಈ ಕಟ್ಟಳೆ ಮಾಡಿಸಿದವಳು ಮೈದಾನದ ಎದುರು ಮನೆಯ ಸೊಣ್ಣಮ್ಮ. ಅಲ್ಲಿಂದ ಈಚೆಗೆ ಗೆದ್ದವರೆಲ್ಲ ಅವಳ ಹಳ್ಳಿಯ ಹುಡುಗರು. ಅವರ ಗಂಡಭೇರುಂಡ, ಆ ಎರಡು ತಲೆಯ ಹಕ್ಕಿ, ಅವಳ ಗೇಟಿಗೆ ಎದುರಾಗಿ ರೆಕ್ಕೆ ಬಿಚ್ಚಿ ನಿಂತಿರುತ್ತಿತ್ತು. ಅವಳ ರಾಗಿ ಹೊಲ ಸೈಟಾಗಿತ್ತು, ಊರ ಹೆಸರು ಹೋಗಿ ಮೇನು, ಕ್ರಾಸು ಬಂದಿತ್ತು. ಹಳ್ಳಿಯದು ಅಂತ ಉಳಿದದ್ದು ಆ ಹಕ್ಕಿಯೊಂದೇ.

ಆ ವರ್ಷ ಬಾಡಿಗೆಯವರ ತಂಡ ಗೆದ್ದುಬಿಟ್ಟಿತು. ನಾಯಕ ಮೌನೇಶ ರಾಯಚೂರು ಕಡೆಯವನು, ಸೊಣ್ಣಮ್ಮನ ಮಹಡಿ ಕೋಣೆಯಲ್ಲೇ ಬಾಡಿಗೆಗಿದ್ದವನು. ಮಡಿವಾಳದ ಅಂಗಡಿಯಲ್ಲಿ ನಗುಮುಖ ಅಚ್ಚಾದ ಹಳದಿ ಬನಿಯನ್‌ಗಳು ಅಗ್ಗಕ್ಕೆ ಸಿಕ್ಕಿದ್ದರಿಂದ ಆ ನಗುಮುಖವೇ ಅವರ ಗುರುತಾಗಿತ್ತು.

ಮಾರನೆಯ ಬೆಳಿಗ್ಗೆ ಅವರು ಬಣ್ಣದ ಡಬ್ಬ ಹಿಡಿದು ಬಂದರೆ, ಸೊಣ್ಣಮ್ಮ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು.

“ಏಳ್ರಿ ಅಮ್ಮಾರ, ಬಣ್ಣ ಹಚ್ಚಬೇಕು,” ಎಂದ ಮೌನೇಶ.

“ಏಳಾಕಿಲ್ಲ. ಹಲ್ಲು ಕಿರಿಯೋ ಮೂತಿ ಬರೆಯಾಕೆ ಇದೇನು ನಿಮ್ಮಪ್ಪನ ಗೋಡೆನಾ? ನನ್ನ ಮನೆ ನೀರು ಕುಡಿದು ನನ್ನ ಹಕ್ಕಿನೇ ಕೊಲ್ಲಾಕೆ ಬಂದವ್ನೆ!”

“ನೀರಿಗೂ ರೊಕ್ಕ ಕೊಟ್ಟೀನ್ರಿ. ನಿಮ್ಮ ಹಕ್ಕಿ ನಿನ್ನೇನ ರೆಕ್ಕಿ ಮುರಕೊಂಡು ಬಿತ್ತಲ್ಲ, ನಾವೇನು ಕೊಲ್ಲೂದು?”

ಹುಡುಗರು ಹೋ ಎಂದು ನಕ್ಕರು. ಸೋತ ತಂಡದ ನಾಯಕ ಮನು, ಸೊಣ್ಣಮ್ಮನ ಮೊಮ್ಮಗ, ಓಡಿಬಂದ. “ಅಜ್ಜಿ, ಎದ್ದೇಳು. ಸೋತಿದ್ದು ನಾವು. ಮಾನ ಕಳೀಬೇಡ.”

“ಮಾತಾಡಬೇಡ ಕಣ್ಲಾ. ನೀನು ನೆಟ್ಟಗೆ ಆಡಿದ್ರೆ ಈ ವಯಸ್ನಾಗೆ ನಾನ್ಯಾಕೆ ಮಣ್ಣಾಗೆ ಕೂತ್ಕೋತಿದ್ದೆ?”

ಮೌನೇಶ ಕುಂಚ ಅದ್ದಿದ. “ಕುಂದರ್ಲಿ ಬಿಡ್ರಲೇ. ಸುತ್ತ ಹಚ್ಚೂಣು.”

ಹಚ್ಚಿಯೇಬಿಟ್ಟರು. ಕುಂಚ ಕಿವಿಯ ಪಕ್ಕದಲ್ಲೇ ಸರಸರ ಎನ್ನುತ್ತಿದ್ದರೂ ಸೊಣ್ಣಮ್ಮ ಮಿಸುಕಲಿಲ್ಲ. ಅವಳ ತಲೆಯ ಆಚೆಗೊಂದು ಈಚೆಗೊಂದು ಕಪ್ಪು ಕಣ್ಣು ಎದ್ದವು. ನಡುವೆ ಗಂಟಿಕ್ಕಿಕೊಂಡ ಅವಳ ಮುಖ. “ಅಜ್ಜಿನೇ ಮೂತಿ ಆಗೋದ್ರು, ಗುರು!” ಎಂದು ದಾರಿಹೋಕನೊಬ್ಬ ಕೂಗಿದ. ಮನು ತಂದ ನೀರನ್ನೂ ಅವಳು ಮುಟ್ಟಲಿಲ್ಲ.

ಹೊತ್ತು ಮುಳುಗಿದ ಮೇಲೆ ಮನು ಕಂಕುಳಿಗೆ ಕೈಕೊಟ್ಟು ಅವಳನ್ನು ಎಬ್ಬಿಸಿದ. ಸೀರೆಯ ಅಂಚೆಲ್ಲ ಹಳದಿ. ಗೆದ್ದೆನೆಂದೇ ತಿರುಗಿ ನೋಡಿದಳು. ಹಕ್ಕಿಯ ಎರಡು ತಲೆಯೂ ಹೋಗಿದ್ದವು, ರೆಕ್ಕೆಯೂ ಹೋಗಿತ್ತು. ಅವಳ ಬೆನ್ನು ಕಾಪಾಡಿದ್ದು ಹೊಟ್ಟೆಯನ್ನು, ಉಗುರುಗಳನ್ನು ಅಷ್ಟೇ. ಮೇಲೆ ಎರಡು ಗುಂಡು ಕಣ್ಣು; ಕೆಳಗೆ, ನಗು ಇರಬೇಕಾದ ಕಡೆ, ಕೋರೆಹಲ್ಲಿನಂತೆ ಆ ಉಗುರು.

ಗೇಟು ತೆರೆದರೆ ಸಾಕು, ಅದು ನೇರ ನಡುಮನೆಯೊಳಕ್ಕೆ ದುರುಗುಟ್ಟುತ್ತಿತ್ತು. ಮುದ್ದೆ ತಿನ್ನಲು ಅದಕ್ಕೆ ಬೆನ್ನು ಹಾಕಿ ಕೂತಳು. ಎರಡು ದಿನ ತಡೆದು ಮೂರನೆಯ ದಿನ ಮೌನೇಶನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದಳು.

“ಏಯ್, ಆ ಬಾಯಿ ಬರೆದು ಮುಗಿಸ್ರೋ. ನಗೋ ಬಾಯೇ ಆಗ್ಲಿ.”

“ಅವತ್ತ ಹೊತ್ತು ಮುಳುಗೇತ್ರಿ. ಕಟ್ಟಳೆ ನಿಮ್ಮದ ಐತಿ.”

“ಅಂಗಾದ್ರೆ ಮನೆ ಖಾಲಿ ಮಾಡು!”

“ಮಾಡ್ತೀನ್ರಿ. ಅದು ಮಾತ್ರ ಖಾಲಿ ಆಗೂದಿಲ್ಲ,” ಎಂದು ಕೆಳಗಿಳಿದು ಹೋದ.

ಸಂಜೆ ಸೊಣ್ಣಮ್ಮ ದೊಡ್ಡದೊಂದು ಬೂದುಗುಂಬಳಕಾಯಿ ತರಿಸಿದಳು. ದೃಷ್ಟಿ ತಾಗದಂತೆ ಅದರ ಮೇಲೆ ರಾಕ್ಷಸನ ಮುಖ ಬರೆಯಲು ಮನುವನ್ನು ಕೂರಿಸಿದಳು.

“ಕೋರೆ ಇನ್ನೂ ಉದ್ದ ಬರಿ. ಎದುರಿನದಕ್ಕಿಂತ ಉದ್ದ.”

ಗೇಟಿಗೆ ಕಟ್ಟುತ್ತ ಮನು ಕೇಳಿದ: “ಎಷ್ಟು ದಿನ ಇರಬೇಕು ಅಜ್ಜಿ ಇದು?”

“ಮುಂದಿನ ರಾಜ್ಯೋತ್ಸವದ ಗಂಟ. ಕೊಳೆತ್ರೆ ಇನ್ನೊಂದು ಕಟ್ಟು. ಅಷ್ಟರಾಗೆ ನೀನು ಉಸಿರು ಹಿಡಿಯೋದು ಕಲ್ತ್ಕೋ.”