ತೀರ್ಪಿನಲ್ಲಿಲ್ಲದ ಮಾತು

ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಲೊರೇನ್ ಮತ್ತೊಮ್ಮೆ ಹೇಳಿದಳು: "ಶವಪೆಟ್ಟಿಗೆ ಮೇಲಿನ ಬಾವುಟ ಚೀಫ್ ಡಿಟ್ಮಾರ್ ಕೈಯಿಂದಲೇ ನನ್ನ ಕೈಗೆ ಬರ್ಬೇಕು, ಓಝಿ. ಬೇರೆ ಯಾರೂ ಬೇಡ."

ಪೊಲೀಸ್ ಯೂನಿಯನ್ನಿನ ಓಝಿ ಅವಳ ಮುಖವನ್ನೇ ನೋಡಿದ. ಇವತ್ತು ಮಣ್ಣು ಮಾಡಬೇಕಿದ್ದ ಅವಳ ಗಂಡ, ನಿವೃತ್ತ ಪೊಲೀಸ್ ಎಮಿಲ್ ಪಾವ್ಲಿಕ್‌ನನ್ನು ಸುಳ್ಳುಗಾರನೆಂದು ಕೆಲಸದಿಂದ ಕಿತ್ತುಹಾಕಿದವನು ಇದೇ ಡಿಟ್ಮಾರ್.

"ಕ್ಷಮಿಸಿಬಿಟ್ಯಾ ಅವನನ್ನ?"

ಸತ್ತ ಮನೆಯಲ್ಲಿ ಜಗಳವೇಕೆ ಎಂದಳು ಲೊರೇನ್. ಎಂಥ ದೊಡ್ಡ ಮನಸ್ಸು ಎಂದು ಚರ್ಚಿನ ಹೆಂಗಸರು ಕಣ್ಣೊರೆಸಿಕೊಂಡರು. ದೊಡ್ಡ ಮನಸ್ಸಂತೆ! ಅವಳ ಹೊಟ್ಟೆಯೊಳಗಿನ ಬೆಂಕಿ ಒಂದು ದಿನಕ್ಕೂ ಆರಿರಲಿಲ್ಲ.

* * *

ವರ್ಷಗಳ ಹಿಂದೆ, ಲಾಕಪ್ಪಿನಲ್ಲಿ ಪೊಲೀಸಿನವನೊಬ್ಬ ಕೈದಿಗೆ ಹೊಡೆದದ್ದನ್ನು ಎಮಿಲ್ ಕಂಡದ್ದು ಕಂಡಂತೆ ಹೇಳಿದ್ದ. ಹೊಡೆದವನು ಚೀಫ್‌ನ ಮಗಳ ಗಂಡ. ಡಿಟ್ಮಾರ್ ಟೀವಿಯವರ ಮುಂದೆ ನಿಂತು, ಪಾವ್ಲಿಕ್ ಸುಳ್ಳುಗಾರ ಎಂದು ಸಾರಿ ಇವನನ್ನೇ ಮನೆಗೆ ಕಳಿಸಿದ. ಯೂನಿಯನ್ ಬಿಡಲಿಲ್ಲ. ತೀರ್ಪು ಕೊಡಲು ಎರಡೂ ಕಡೆಯವರು ಒಪ್ಪಿ ಕರೆಸಿದ ಮಧ್ಯಸ್ಥಗಾರ್ತಿ ಊರಾಚೆಯ ಹೋಟೆಲಿನ ಕೋಣೆಯೊಂದರಲ್ಲಿ ವಿಚಾರಣೆ ನಡೆಸಿದಳು. ಮುಗಿಯುವ ಹೊತ್ತಿಗೆ ಎಮಿಲ್ ಎದ್ದು ನಿಂತು, ತಾನು ಗೆದ್ದರೆ ಚೀಫ್ ತಪ್ಪಾಯಿತು ಎಂದು ಹೇಳುತ್ತಾರಾ ಎಂದು ಕೇಳಿದ.

"ಕೆಲಸ ವಾಪಸ್ ಕೊಡ್ಸೋದು ನನ್ನ ಕೈಲಿದೆ, ಪಾವ್ಲಿಕ್. ಆ ಮಾತು ಹೇಳ್ಸೋದು ನನ್ನ ಕೈಲಿಲ್ಲ."

ಎಮಿಲ್ ಗೆದ್ದ. ಡಿಟ್ಮಾರ್ ಕೆಲಸವನ್ನೂ ಕೊಟ್ಟ: ಠಾಣೆಯ ನೆಲಮಾಳಿಗೆಯಲ್ಲಿ, ವಾರಸುದಾರರಿಲ್ಲದ ಸೈಕಲ್ಲುಗಳನ್ನು ಕಾಯುವ ಕೆಲಸ. ನಿವೃತ್ತಿಯವರೆಗೂ ಅಲ್ಲೇ ಕೊಳೆಹಾಕಿದ. ಊರಿನವರ ಬಾಯಲ್ಲಿ ಎಮಿಲ್ ಸುಳ್ಳುಗಾರನಾಗಿಯೇ ಉಳಿದ. ಆಸ್ಪತ್ರೆಯ ಮಂಚದ ಮೇಲೂ ಅವನು ಕೇಳಿದ್ದು ಒಂದೇ, ಡಿಟ್ಮಾರ್ ಏನಾದರೂ ಹೇಳಿದನಾ ಎಂದು.

* * *

ಸಮಾಧಿಯ ಬಳಿ ಹಿಮ ಕರಗಿ ಕೆಸರಾಗಿತ್ತು. ಸಾಲಾಗಿ ನಿಂತ ಪೊಲೀಸರು ಸೆಲ್ಯೂಟ್ ಹೊಡೆದರು. ಹೆಂಡತಿ ಬಾವುಟ ತೆಗೆದುಕೊಳ್ಳುವವರೆಗೆ ಆ ಕೈಗಳು ಇಳಿಯುವಂತಿಲ್ಲ. ಡಿಟ್ಮಾರ್ ಪದ್ಧತಿಯಂತೆ ಲೊರೇನಳ ಕುರ್ಚಿಯ ಮುಂದೆ ಮೊಣಕಾಲೂರಿ, ಮಡಿಸಿದ ಬಾವುಟವನ್ನು ಚಾಚಿದ.

ಅವಳು ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ.

"ಎಮಿಲ್ ಸುಳ್ಳುಗಾರ ಅಲ್ಲ ಅಂತ ಹೇಳಿ. ತಗೋತೀನಿ."

ಡಿಟ್ಮಾರನ ಮುಖ ಕೆಂಪಾಯಿತು. ಟೀವಿಯವರು ಕ್ಯಾಮೆರಾ ಹತ್ತಿರ ತಂದರು. ಅವನು ತುಟಿ ಅಲುಗದಂತೆ ಏನೋ ಗೊಣಗಿದ.

"ಕೇಳಿಸ್ಲಿಲ್ಲ. ಆವತ್ತು ಊರಿಗೆಲ್ಲ ಕೇಳೋ ಹಾಗೆ ಹೇಳಿದ್ರಲ್ಲ, ಹಾಗೆ ಹೇಳಿ."

ಮುದಿ ಮೊಣಕಾಲು ಕೆಸರಿನಲ್ಲಿ ಇಳಿಯುತ್ತಿತ್ತು. ಹಿಂದೆ ಸೆಲ್ಯೂಟ್ ಹಿಡಿದ ಸಾಲಿನ ಕೈಗಳು ಸೋಲುತ್ತಿದ್ದವು, ಆದರೆ ಒಂದೂ ಇಳಿಯಲಿಲ್ಲ. ಲೊರೇನ್ ಕೊನೆಗೆ ಒಂದು ಕೈಯನ್ನು ಜೇಬಿನಿಂದ ತೆಗೆದಳು. ಕಿವಿಯ ಮೇಲಿದ್ದ ಸ್ಕಾರ್ಫನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಮತ್ತೆ ಜೇಬಿಗೆ ತುರುಕಿ, ಅವನ ಬಾಯಿಯ ಕಡೆ ಬಾಗಿ ಕುಳಿತಳು.