ಮರಗಮ್ಮ ಬರುವುದು ಬಿಟ್ಟ ಮೇಲೆ

ರಾಯಚೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ತರಗತಿ ಶುರುವಾಗಿ ಬಹಳ ದಿನ ಆಗಿರಲಿಲ್ಲ. ಎರಡನೇ ವರ್ಷಕ್ಕೆ ಒಂದು ವಿಷಯ ಆರಿಸಿಕೊಳ್ಳಬೇಕಾಗಿ ಬಂದಾಗ ಹೆಚ್ಚಿನವರು ಗ್ರಾಮೀಣ ಅಭಿವೃದ್ಧಿಗೆ ಹೆಸರು ಕೊಟ್ಟರು. ಅದು ಓದಿದರೆ ನೌಕರಿ ಸಿಗುತ್ತದೆ ಎಂಬ ಮಾತಿತ್ತು. ಧರ್ಮದ ಸಮಾಜಶಾಸ್ತ್ರಕ್ಕೆ ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಮಾನ್ವಿಯ ಮಾನಮ್ಮ ಒಬ್ಬಳು. ಊರಿನ ತೀನ್ ಕಂದೀಲ್ ವೃತ್ತದ ಹತ್ತಿರ ಬಳೆ ಅಂಗಡಿ ಇಟ್ಟಿದ್ದ ಲಾಲ್ ಸಾಬರ ಮಗಳು ಜಾಹೆದಾ ಇನ್ನೊಬ್ಬಳು.

ಮಾನಮ್ಮ ಈ ವಿಷಯವನ್ನೇ ಹಿಡಿಯಲು ಕಾರಣವಿತ್ತು. ಅವಳ ಅಪ್ಪ ಗದ್ದೆಪ್ಪ ತಹಸೀಲು ಕಚೇರಿಯಲ್ಲಿ ಜವಾನ. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷವೇ ಮನೆಯ ಜಗಲಿಯ ಮೇಲಿನ ದೇವರುಗಳನ್ನೆಲ್ಲ ಹೊಳೆಗೆ ಬಿಟ್ಟು ಬಂದಿದ್ದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ದೇವಿ, ಹರಕೆ, ಭಂಡಾರ ಎಂಬ ಮಾತು ಎತ್ತುವ ಹಾಗಿರಲಿಲ್ಲ. ಆದರೆ ಮಾನಮ್ಮ ಬೆಳೆದದ್ದು ದೇವದುರ್ಗದಲ್ಲಿ. ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ತಾಯಿಯ ಅಕ್ಕ ಯಮನಮ್ಮ ಅವಳನ್ನು ಕರೆದುಕೊಂಡು ಹೋಗಿ ಸಾಕಿದಳು. ಆ ಯಮನಮ್ಮನ ಮೈಮೇಲೆ ಪ್ರತಿ ಮಂಗಳವಾರ ಕೇರಿಯ ದೇವಿ ಮರಗಮ್ಮ ಬರುತ್ತಿದ್ದಳು. ಕೇರಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಹೈಸ್ಕೂಲಿಗೆ ಮಾನ್ವಿಗೆ ಬಂದ ಮೇಲೆ ಮಾನಮ್ಮ ದೊಡ್ಡವ್ವನ ಬಗ್ಗೆ ಅಪ್ಪನ ಮುಂದೆ ಮಾತಾಡುವುದನ್ನು ಬಿಟ್ಟಳು, ಗೆಳತಿಯರ ಮುಂದಂತೂ ಹೆಸರೇ ಎತ್ತಲಿಲ್ಲ.

ಈ ವಿಷಯ ಕಲಿಸುತ್ತಿದ್ದ ಸೂಗಪ್ಪ ಮೇಷ್ಟರು ಮೊದಲ ದಿನವೇ ಹೇಳಿದ ಮಾತು ಅವಳ ಎದೆಗೆ ನಾಟಿತು.

"ದೇವರು ಇದಾನೋ ಇಲ್ಲೋ ಅನ್ನೋದು ನಮ್ಮ ಪ್ರಶ್ನೆ ಅಲ್ಲ. ಆ ನಂಬಿಕಿ ಇಟ್ಟುಕೊಂಡು ಜನ ಏನು ಮಾಡ್ತಾರ, ಹೆಂಗ ಕೂಡಿ ಬಾಳ್ತಾರ, ಅದನ್ನ ನೋಡೋದು ನಮ್ಮ ಕೆಲಸ. ನಗೋದೂ ಅಲ್ಲ, ಕೈ ಮುಗಿಯೋದೂ ಅಲ್ಲ."

ಮಾನಮ್ಮನಿಗೆ ತನ್ನೊಳಗೆ ಜಗಳಾಡುತ್ತಿದ್ದ ಎರಡು ಮನೆಗಳ ನಡುವೆ ಯಾರೋ ಬಾಗಿಲು ತೆಗೆದಂತಾಯಿತು. ಅಪ್ಪನ ಬುದ್ಧ, ದೊಡ್ಡವ್ವನ ಮರಗಮ್ಮ, ಎರಡನ್ನೂ ನಾಚಿಕೆಯಿಲ್ಲದೆ ನೋಡಬಹುದು! ತರಗತಿಯಲ್ಲಿ ಅವಳು ಕೈ ಎತ್ತಿ ಪ್ರಶ್ನೆ ಕೇಳತೊಡಗಿದಳು. ಸೂಗಪ್ಪ ಮೇಷ್ಟರೂ ಅವಳನ್ನು ಗುರುತಿಸಿದರು. ಗ್ರಂಥಾಲಯದಿಂದ ತಮ್ಮ ಹೆಸರಿನಲ್ಲಿ ಪುಸ್ತಕ ತೆಗೆಸಿಕೊಟ್ಟರು. "ನೀನು ಮುಂದ ಪಿಎಚ್.ಡಿ. ಮಾಡಬೇಕವ್ವ, ನಾನ ಮಾಡಸ್ತೀನಿ" ಅಂದರು. ಅವಳ ಕೇರಿಯಲ್ಲಿ ಆ ಮಾತನ್ನು ಯಾರಿಗೂ ಯಾರೂ ಹೇಳಿರಲಿಲ್ಲ.

ದಸರೆ ರಜೆಗೆ ಮುಂಚೆ ಮೇಷ್ಟರು ಎಲ್ಲರಿಗೂ ಒಂದೊಂದು ಪ್ರಬಂಧ ಬರೆಯಲು ಹೇಳಿದರು. ತಮ್ಮ ಮನೆಯಲ್ಲೋ ಓಣಿಯಲ್ಲೋ ನಡೆಯುವ ಒಂದು ಆಚರಣೆಯನ್ನು ಕಣ್ಣಾರೆ ನೋಡಿ ಬರೆಯಬೇಕು. ಮಾನಮ್ಮ ದೇವದುರ್ಗದ ಬಸ್ಸು ಹತ್ತಿದಳು.

ಯಮನಮ್ಮ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮಾನಮ್ಮನೂ ಎದುರು ಕೂತು ಸುಲಿಯುತ್ತಾ ಒಂದೊಂದೇ ಕೇಳಿದಳು. ಮರಗಮ್ಮ ಮೊದಲು ಯಾವಾಗ ಬಂದಳು? ಬಂದಾಗ ಹೆಂಗಾಗುತ್ತದೆ? ಯಮನಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಚೊಚ್ಚಲ ಕೂಸು ಸತ್ತ ವರ್ಷ ದೇವಿ ಬಂದದ್ದು, ಅಂಗಾಲಿನಿಂದ ಬಿಸಿ ಏರಿದ್ದು, ಗಂಡ ಹೆದರಿ ಹೊರಗೆ ಓಡಿದ್ದು. ಹೇಳುತ್ತಾ ಹೇಳುತ್ತಾ ಅವಳ ಕೈ ನಿಂತಿತು.

"ನಿನಗೊಂದು ಹೇಳ್ತೀನಿ, ಬರೀಬ್ಯಾಡ" ಅಂದಳು. "ಆಕಿ ಬರೋದು ಬಿಟ್ಟು ಭಾಳ ದಿನ ಆತವ್ವ."

ಮಾನಮ್ಮ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು.

"ನನ್ನ ಮುಟ್ಟು ನಿಂತ ಮ್ಯಾಲ ಆಕೀನೂ ಬರಲಿಲ್ಲ. ಒಂದು ವಾರ ಕಾದೆ, ಎರಡು ವಾರ ಕಾದೆ. ಆದ್ರ ಹೆಣ್ಮಕ್ಕಳು ಬಂದು ಅಂಗಳದಾಗ ಅಳಕೋಂತ ಕುಂತಿರ್ತಾರ. ಏನಂತ ಕಳಸಲಿ? ಕಣ್ಣು ಮುಚ್ಚಿಗೊಂಡೆ, ಆಕಿ ಇದ್ರ ಏನು ಹೇಳ್ತಿದ್ಲೋ ಅದನ್ನ ಹೇಳಿದೆ. ಇವತ್ತಿಗೂ ಹಂಗ ಹೇಳಾಕತ್ತೀನಿ."

"ಯಾರಿಗೂ ಗೊತ್ತಿಲ್ಲೇನು ದೊಡ್ಡವ್ವ?"

"ನಿನಗ ಗೊತ್ತಾತಲ್ಲ. ಎದಿ ಮ್ಯಾಲ ಕಲ್ಲು ಇಟ್ಟಂಗಿತ್ತು. ನೀ ಯಾರ ಮುಂದೂ ಹೇಳಂಗಿಲ್ಲ ನೋಡು."

"ಹೇಳಂಗಿಲ್ಲ" ಅಂದಳು ಮಾನಮ್ಮ.

ಆ ಮಂಗಳವಾರ ಅವಳು ಅಂಗಳದಲ್ಲೇ ಇದ್ದು ನೋಡಿದಳು. ಹಿಂದಿನ ಮನೆಯ ಹುಲಗೆಮ್ಮ ತುಟಿ ಒಡೆದುಕೊಂಡು ಬಂದಿದ್ದಳು. ಗಂಡ ಅಯ್ಯಪ್ಪ ಕುಡಿದು ಬಂದು ಹೊಡೆಯುತ್ತಿದ್ದ. ಯಮನಮ್ಮ ಕಣ್ಣು ಮುಚ್ಚಿ, ತಲೆ ಕೆದರಿ, ಅಯ್ಯಪ್ಪನನ್ನು ಕರೆಸಿದಳು. "ಈಕಿ ಮೈ ಮ್ಯಾಲ ಕೈ ಎತ್ತಿದ್ರ ಆ ಕೈ ನನಗ ಬೇಕು" ಎಂದು ಗುಡುಗಿದಳು. ಆಳೆತ್ತರದ ಅಯ್ಯಪ್ಪ ಎಲ್ಲರೆದುರು ಮಣ್ಣಿಗೆ ಹಣೆ ಹಚ್ಚಿ ತಪ್ಪಾಯಿತು ಅಂದ. ದೊಡ್ಡವ್ವನ ಕಾಲ್ಬೆರಳು ನಡುಗುತ್ತಿದ್ದುದು ಮಾನಮ್ಮನಿಗೆ ಮಾತ್ರ ಕಂಡಿತು.

ಪ್ರಬಂಧದಲ್ಲಿ ಅವಳು ದೊಡ್ಡವ್ವನ ಗುಟ್ಟು ಬರೆಯಲಿಲ್ಲ. ಆದರೆ ಆ ಗುಟ್ಟು ಅವಳ ತಲೆಯಿಂದ ಇಳಿಯಲೂ ಇಲ್ಲ. ದೊಡ್ಡವ್ವ ಮಾಡುತ್ತಿರುವುದು ಮೋಸವೋ, ಸೇವೆಯೋ? ಇದಕ್ಕೆ ಉತ್ತರ ಕೊಡಬಲ್ಲವರು ಲೋಕದಲ್ಲಿ ಒಬ್ಬರೇ ಎಂದು ಅವಳಿಗೆ ಅನ್ನಿಸಿತ್ತು. ಪ್ರಬಂಧ ಕೊಡಲು ಹೋದ ದಿನ ಸೂಗಪ್ಪ ಮೇಷ್ಟರು ಚಹಾ ತರಿಸಿ ಕೂಡಿಸಿಕೊಂಡು, "ಬಾಳ ಛಲೋ ಬರದೀ. ಆದ್ರ ಏನೋ ಒಂದು ಬಿಟ್ಟೀ ಅನಸ್ತದ" ಅಂದರು.

"ಸರ, ಇದು ನಿಮ್ಮಲ್ಲೇ ಇರಬೇಕು."

"ಹುಚ್ಚಿ, ನನ್ನ ಮುಂದ ಹೇಳಿದ್ದು ಈ ಕೋಣಿ ದಾಟಂಗಿಲ್ಲ."

ಅವಳು ಹೇಳಿದಳು. ಅವರು ಚಹಾ ಆರುವವರೆಗೂ ಕೇಳಿದರು. ಕೊನೆಗೆ, "ನಿಮ್ಮ ದೊಡ್ಡವ್ವ ದೊಡ್ಡಾಕಿ" ಅಂದರು. ಮಾನಮ್ಮ ಹಗುರಾಗಿ ಹೊರಗೆ ಬಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ರಾಯಚೂರಿನಲ್ಲಿ ಒಂದು ವಿಚಾರ ಸಂಕಿರಣ ಇಟ್ಟುಕೊಂಡರು. ಹೈದರಾಬಾದು, ಧಾರವಾಡಗಳಿಂದ ಪ್ರಾಧ್ಯಾಪಕರು ಬರುವವರಿದ್ದರು. ಸೂಗಪ್ಪ ಮೇಷ್ಟರು ಮಾನಮ್ಮನನ್ನು ಕರೆದು, "ನಿಮ್ಮ ದೊಡ್ಡವ್ವನ್ನ ಕರಕೊಂಡು ಬಾ. ಮರಗಮ್ಮನ ಪದ ಹಾಡಲಿ, ಸನ್ಮಾನ ಮಾಡೋಣು" ಅಂದರು.

ಜಾಹೆದಾಗೆ ಇದು ಸರಿಬರಲಿಲ್ಲ. ಅವಳು ತನ್ನ ಪ್ರಬಂಧಕ್ಕೆ ಮೊಹರಂ ಆರಿಸಿಕೊಂಡಿದ್ದರೂ ತನ್ನ ಅಜ್ಜಿ ಹೇಳಿದ ಮನೆಯ ಮಾತೊಂದನ್ನೂ ಬರೆದಿರಲಿಲ್ಲ.

"ಪದ ಹಾಡಸೋದಾದ್ರ ದೇವದುರ್ಗಕ್ಕೇ ಹೋಗಿ ಕೇಳಬಹುದಲ್ಲೇ. ಇಲ್ಲಿ ಕುರ್ಚಿ ಮ್ಯಾಲ ಕೂಡಸಿ ಯಾಕ?" ಅಂದಳು.

"ಸರ ಹಂಗ ಮಾಡೋರಲ್ಲ ಬಿಡು" ಅಂದಳು ಮಾನಮ್ಮ.

ಯಮನಮ್ಮ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಅದು ಮದುವೆ ಮುಂಜಿಗಳಿಗೆ ಎಂದು ಎತ್ತಿಟ್ಟಿದ್ದ ಸೀರೆ. ಸೂಗಪ್ಪ ಮೇಷ್ಟರು ಬಾಗಿಲಿಗೇ ಬಂದು, "ಬರ್ರಿ ಯವ್ವಾ" ಎಂದು ಕೈಹಿಡಿದು ವೇದಿಕೆಗೆ ಹತ್ತಿಸಿದರು. ಮಾಲೆ ಹಾಕಿದರು, ಶಾಲು ಹೊದಿಸಿದರು. ಅವಳು ಒಂದು ಪದ ಹಾಡಿದಳು. ಮೊದಲು ದನಿ ನಡುಗಿತು. ಎರಡನೇ ನುಡಿಗೆ ತುಂಬಿ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾನಮ್ಮನ ಕಣ್ಣು ತುಂಬಿದವು.

ಆಗ ಸೂಗಪ್ಪ ಮೇಷ್ಟರು ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಯವ್ವಾ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಈಗ ನಿಮ್ಮ ಮೈಮ್ಯಾಲ ಮರಗಮ್ಮ ಬರ್ತಾಳೇನು?"

ಯಮನಮ್ಮ ಗಾಬರಿಯಾಗಿ ಅವರ ಮುಖ ನೋಡಿದಳು.

"ಹೆದರಬ್ಯಾಡ್ರಿ. ನಿಮ್ಮ ಮಗಳೇ ನನಗ ಹೇಳ್ಯಾಳ. ವರ್ಷಗಟ್ಟಲೆ ಆತಂತಲ್ಲ ಆಕಿ ಬರೋದು ಬಿಟ್ಟು?"

ಯಮನಮ್ಮ ವೇದಿಕೆಯ ಮೇಲಿನಿಂದ ಮಾನಮ್ಮನನ್ನು ಹುಡುಕಿದಳು. ಕಣ್ಣಿಗೆ ಕಣ್ಣು ಸೇರಿತು. ಮಾನಮ್ಮನಿಗೆ ಎದ್ದು ಕೂಗಬೇಕೆನಿಸಿತು, ಆದರೆ ಏಳಲಿಲ್ಲ. ಜಾಹೆದಾ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮಗಳೇ ಹೇಳಿದ್ದಾಳೆಂದ ಮೇಲೆ, ಇಷ್ಟು ದೊಡ್ಡ ಜನ ಕೇಳುತ್ತಿದ್ದಾರೆಂದ ಮೇಲೆ, ಹೇಳುವುದೇ ಸರಿಯಿರಬೇಕು ಎಂದುಕೊಂಡಳೋ ಏನೋ, ಯಮನಮ್ಮ ತಲೆ ತಗ್ಗಿಸಿ ಅಂದಳು:

"ಹೌದ್ರಿ. ಬರಂಗಿಲ್ಲ."

ಯಾರೋ ಹಿಂದಿನಿಂದ ನಕ್ಕರು. ಸೂಗಪ್ಪ ಮೇಷ್ಟರು ಸಭೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೇನೋ ವಿವರಿಸತೊಡಗಿದರು. ಹೈದರಾಬಾದಿನವರು ಬರೆದುಕೊಂಡರು. ಯಮನಮ್ಮ ಶಾಲನ್ನು ಮೈಮೇಲಿಂದ ತೆಗೆದು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು, ಯಾರನ್ನೂ ಕೇಳದೆ ಹೊರಗೆ ನಡೆದಳು. ಮಾನಮ್ಮ ಹಿಂದೆ ಓಡಿದಳು.

ದೇವದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಯಮನಮ್ಮ ಕೇಳಿದಳು.

"ನೀನ ಹೇಳಿದ್ಯಾ?"

"ಹೇಳಿದೆ ದೊಡ್ಡವ್ವ. ಯಾರ ಮುಂದೂ ಹೇಳಂಗಿಲ್ಲ ಅಂದಿದ್ರು ಅವರು."

"ನೀನೂ ಹಂಗ ಅಂದಿದ್ದಿ."

ಮಾನಮ್ಮ ಅಳತೊಡಗಿದಳು. ಯಮನಮ್ಮ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬಸ್ಸು ಹೊರಡುವ ಮುಂಚೆ, "ಇಳಿ, ನಿನಗ ಕ್ಲಾಸು ಅದಾವ" ಅಂದಳು.

ಆ ವಾರವೇ ರಾಯಚೂರಿನ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ದೇವಿ ಬರುವುದೆಲ್ಲ ನಟನೆ ಎಂದು ದೇವದುರ್ಗದ ಮಹಿಳೆ ಒಪ್ಪಿಕೊಂಡಳು, ಪ್ರಾಧ್ಯಾಪಕರಿಂದ ಮೂಢನಂಬಿಕೆ ಬಯಲು, ಎಂದು ದಪ್ಪ ಅಕ್ಷರದಲ್ಲಿತ್ತು. ಯಮನಮ್ಮನ ಹೆಸರಿತ್ತು, ಕೇರಿಯ ಹೆಸರಿತ್ತು. 'ನಟನೆ' ಎಂಬ ಮಾತನ್ನು ದೊಡ್ಡವ್ವ ಆಡಿಯೇ ಇರಲಿಲ್ಲ. ದೇವದುರ್ಗದ ಹೋಟೆಲುಗಳಲ್ಲಿ ಅದನ್ನು ಓದಿ ಹೇಳಿದರು. ಮುಂದಿನ ಮಂಗಳವಾರ ಅಂಗಳಕ್ಕೆ ಯಾರೂ ಬರಲಿಲ್ಲ.

ಇದೆಲ್ಲ ಮಾನಮ್ಮನಿಗೆ ತಿಳಿದದ್ದು ರಾಯಚೂರಿನ ದವಾಖಾನೆಯಲ್ಲಿ. ದೇವದುರ್ಗದಿಂದ ಬಂದ ಪರಿಚಯದವರೊಬ್ಬರು ದವಾಖಾನೆಗೆ ಬಾ ಎಂದು ಹಾಸ್ಟೆಲಿಗೆ ಸುದ್ದಿ ಮುಟ್ಟಿಸಿದ್ದರು. ಓಡಿ ಹೋದಾಗ ಹುಲಗೆಮ್ಮ ಮಂಚದ ಮೇಲೆ ಮಲಗಿದ್ದಳು, ಬಲಗೈಗೆ ಸಿಮೆಂಟಿನ ಪಟ್ಟಿ. ಯಮನಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

"ಪೇಪರ್‌ನ್ಯಾಗ ಬಂದದ, ನಿನ್ನ ದೇವಿ ಸುಳ್ಳು ಅಂತ" ಎಂದು ಹುಲಗೆಮ್ಮ ಗಂಡನ ಮಾತನ್ನು ಅವನ ದನಿಯಲ್ಲೇ ಹೇಳಿದಳು. "ಎಲ್ಲರ ಮುಂದ ಮಣ್ಣಿಗಿ ಹಣಿ ಹಚ್ಚಿಸಿದ್ರಿ ಅಂತ ಹೊಡದ. ಆ ದಿನದ್ದೂ ಸೇರಿಸಿ ಹೊಡದ."

ಯಮನಮ್ಮ ತಲೆ ಎತ್ತಲಿಲ್ಲ.

ಮಾನಮ್ಮ ನೇರವಾಗಿ ಸೂಗಪ್ಪ ಮೇಷ್ಟರ ಕೋಣೆಗೆ ಹೋದಳು. ಜಾಹೆದಾ ಬಾಗಿಲಲ್ಲಿ ನಿಂತಳು.

"ಈ ಕೋಣಿ ದಾಟಂಗಿಲ್ಲ ಅಂದಿದ್ರಿ ಸರ."

ಅವರು ಕನ್ನಡಕ ತೆಗೆದರು. "ಕೂತ್ಕೊ. ನೋಡವ್ವ, ಪೇಪರಿನವರು ಸ್ವಲ್ಪ ಹೆಚ್ಚು ಬರದಾರ, ಒಪ್ಪತೀನಿ. ಆದ್ರ ಸತ್ಯ ಹೊರಗ ಬಂದದ್ದಕ್ಕ ಯಾಕ ಅಳಬೇಕು?"

"ನಗೋದು ನಮ್ಮ ಕೆಲಸ ಅಲ್ಲ ಅಂತ ನೀವ ಕಲಿಸಿದ್ರಿ."

"ನಾನು ನಕ್ಕಿಲ್ಲ."

"ನಗಸಿದ್ರಿ. ಹುಲಗೆಮ್ಮನ ಕೈ ಮುರದದ, ದವಾಖಾನ್ಯಾಗ ಅದಾಳ."

ಮೇಷ್ಟರು ಕಿಟಕಿಯ ಕಡೆ ನೋಡಿದರು. "ಗಂಡ ಹೊಡದ್ರ ಪೊಲೀಸರು ಅದಾರ, ಕೋರ್ಟ್ ಅದ. ಒಂದು ಸುಳ್ಳಿನಿಂದ ಎಷ್ಟು ದಿನ ಕಾಯಾಕಾಗ್ತದ?" ಆಮೇಲೆ ದನಿ ತಗ್ಗಿಸಿ ಅಂದರು: "ನಿಮ್ಮ ದೊಡ್ಡವ್ವನ ಮ್ಯಾಲ ನಾ ಬರದ ಲೇಖನ ಅಚ್ಚಿಗೆ ಹೋಗ್ತದ. ನಿನ್ನ ಹೆಸರೂ ಹಾಕೀನಿ. ನಿನಗ ಎಷ್ಟು ಒಳ್ಳೇದಾಗ್ತದ ಅನ್ನೋದು ನಿನಗೀಗ ತಿಳಿಯಂಗಿಲ್ಲ."

ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಮಾನಮ್ಮನಿಗೆ ಅದೇ ತಡೆಯಲಾಗಲಿಲ್ಲ. ಆ ದಿನ ಚಹಾ ತರಿಸಿ ಕೂಡಿಸಿಕೊಂಡಾಗಲೂ ದನಿ ಹೀಗೇ ಇತ್ತು.

"ನನ್ನ ಹೆಸರು ತಗೀರಿ" ಅಂದಳು. "ಪಿಎಚ್.ಡಿ.ಗೂ ನಿಮ್ಮ ಹತ್ರ ಬರಂಗಿಲ್ಲ."

ಅವಳು ಹುಲಗೆಮ್ಮನನ್ನು ಕರೆದುಕೊಂಡು ದೇವದುರ್ಗದ ಪೊಲೀಸ್ ಠಾಣೆಗೆ ಹೋದಳು. ಗಂಡ ಹೆಂಡಿರ ಜಗಳ ಮನೆಯಲ್ಲೇ ಮುಗಿಸಿಕೊಳ್ಳಿ ಎಂದು ಮೊದಲು ಕಳಿಸಿದರು. ಸುದ್ದಿ ಕೇಳಿ ಮಾನ್ವಿಯಿಂದ ಅಪ್ಪ ಗದ್ದೆಪ್ಪ ಬಂದ. ವರ್ಷಗಳಿಂದ ಆ ಮನೆಯ ಹೊಸ್ತಿಲು ತುಳಿಯದವನು ಹೆಂಡತಿಯ ಅಕ್ಕನ ಅಂಗಳದಲ್ಲಿ ನಿಂತು, "ನಡಿ, ಮತ್ತ ಹೋಗೋಣು" ಅಂದ. ಅವನು ತಹಸೀಲು ಕಚೇರಿಯ ಸಮವಸ್ತ್ರದಲ್ಲೇ ಬಂದಿದ್ದರಿಂದಲೋ ಏನೋ, ಎರಡನೇ ಸಲ ದೂರು ಬರೆದುಕೊಂಡರು. ಅಯ್ಯಪ್ಪನನ್ನು ಕರೆಸಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಅವನು ಹೊರಗೆ ಬಂದು ಮೀಸೆ ತಿರುವಿದ. ಹುಲಗೆಮ್ಮ ಅವನ ಮನೆಗೆ ಹೋಗದೆ ಯಮನಮ್ಮನ ಮನೆಯಲ್ಲೇ ಉಳಿದಳು.

ಮಾನಮ್ಮ ಪರೀಕ್ಷೆ ಬರೆದಳು, ಪಾಸಾದಳು. ಧರ್ಮದ ಸಮಾಜಶಾಸ್ತ್ರದಲ್ಲೇ ಅವಳಿಗೆ ಹೆಚ್ಚು ಅಂಕ ಬಂದಿದ್ದವು. ಫಲಿತಾಂಶದ ದಿನ ಜಾಹೆದಾ ಶುಭಾಶಯ ಹೇಳಲು ಬಂದವಳು, ಅವಳ ಮುಖ ನೋಡಿ ಸುಮ್ಮನೆ ಪಕ್ಕದಲ್ಲಿ ಕೂತಳು. ಮಾನಮ್ಮನಿಗೆ ಮಾನ್ವಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು.

ಕೆಲಸ ಸಿಕ್ಕ ಸುದ್ದಿ ಹೇಳಲು ಅವಳು ದೇವದುರ್ಗಕ್ಕೆ ಹೋದಳು. ಅಂಗಳದಲ್ಲಿ ಒಂದಿಷ್ಟು ಹೆಂಗಸರು ಕೂತಿದ್ದರು. ದೇವಿಯನ್ನು ಕೇಳಲು ಅಲ್ಲ, ಬರೀ ಮಾತಾಡಲು. ಅಷ್ಟಾದರೂ ಮತ್ತೆ ಶುರುವಾಗಿತ್ತು. ಯಮನಮ್ಮ ಏನೋ ಹೇಳುತ್ತಿದ್ದಳು, ಹುಲಗೆಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಮಾನಮ್ಮ ಒಳಗೆ ಬಂದದ್ದೇ ಮಾತು ನಿಂತಿತು.

"ಏನು ಹೇಳಾಕತ್ತಿದ್ದಿ ದೊಡ್ಡವ್ವ? ಹೇಳು, ನಾನೂ ಕೇಳ್ತೀನಿ."

"ಏನಿಲ್ಲ ಬಿಡವ್ವ, ನಮ್ಮ ನಮ್ಮ ಮಾತು" ಅಂದಳು ಯಮನಮ್ಮ. ಎದ್ದು ಬಂದು ಅವಳ ಗಲ್ಲ ಸವರಿ ಲಟಿಕೆ ಮುರಿದಳು. ನೌಕರಿ ಸಿಕ್ಕಿತೆಂದು ಕೇಳಿ ಕಣ್ಣು ತುಂಬಿಕೊಂಡಳು. ರೊಟ್ಟಿ, ಪುಂಡಿಪಲ್ಯ ಬಡಿಸಿ, ಉಣ್ಣುವವರೆಗೂ ಎದುರಿಗೇ ಕೂತಳು.

"ಅಪ್ಪ ಆರಾಮ ಅದಾನ?" ಎಂದು ಕೇಳಿದಳು. "ಬಿಸಲು ಭಾಳಾಗೇದ" ಅಂದಳು. "ಇನ್ನೊಂದು ರೊಟ್ಟಿ ಹಾಕಿಕೊ" ಅಂದಳು. ತನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಾನಮ್ಮ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಂಗಳದಲ್ಲಿ ಹೆಂಗಸರ ಮಾತು ಮತ್ತೆ ಶುರುವಾದದ್ದು ಕೇಳಿಸಿತು. ಅವಳು ಒದ್ದೆ ಕೈಯಲ್ಲಿ ಅಲ್ಲೇ ನಿಂತಳು. ತಾನು ಹೋದರೆ ಮಾತು ನಿಲ್ಲುತ್ತದೆಂದು ಗೊತ್ತಿದ್ದುದರಿಂದ ಬಹಳ ಹೊತ್ತು ಒಳಗೆ ಬರಲಿಲ್ಲ.